ಕ್ಯಾಲಿಫೋರ್ನಿಯಾದ ಮನೆಯಲ್ಲಿ ಪೂಲ್ ಇದ್ದರೆ: ಬೇಲಿ, ಅಲಾರಂ, ಪರ್ಮಿಟ್ ಹಂತ ಹಂತವಾಗಿ

ಫ್ರೀಮಾಂಟ್, ಸ್ಯಾನ್ ರಮೋನ್, ಸ್ಯಾನ್ ಹೋಸೆ ಕಡೆ ಮನೆ ಹುಡುಕುವಾಗ ಹಿತ್ತಲಲ್ಲಿ ಪೂಲ್ ಇರುವ ಮನೆ ಒಂದಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸ್ಯಾಕ್ರಮೆಂಟೊ ಕಡೆ ಹೋದರೆ, ಇಲ್ಲವೇ ದಕ್ಷಿಣಕ್ಕೆ ಸ್ಯಾನ್ ಡಿಯಾಗೊ ತನಕ ಇಳಿದರೆ ಇನ್ನೂ ಜಾಸ್ತಿ. ಮಕ್ಕಳಿಗೆ ಅದನ್ನು ನೋಡಿದ ಕೂಡಲೇ ಖುಷಿ. ದೊಡ್ಡವರಿಗೆ ಆ ಖುಷಿಯ ಜೊತೆ ಒಂದು ವಿಷಯ ಗೊತ್ತಿರಬೇಕು. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲನೇ ಕಾರಣ ನೀರಲ್ಲಿ ಮುಳುಗುವುದು. ಹಾಗೆ ಮುಳುಗುವ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ಈಜಲು ಇಳಿದವರಲ್ಲ. ಮನೆಯೊಳಗೆ ಆಡುತ್ತಿದ್ದಾರೆ ಅಂತ ಎಲ್ಲರೂ ನಂಬಿರುತ್ತಾರೆ. ಮಗು ಬಾಗಿಲು ತೆಗೆದುಕೊಂಡು ಹೊರಗೆ ನಡೆದಿರುತ್ತದೆ.

ಮುಳುಗುವ ಮಗು ಕಿರುಚುವುದಿಲ್ಲ, ಕೈ ಬಡಿಯುವುದೂ ಕಡಿಮೆ. ಉಸಿರಿಗೇ ಸಮಯ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ಒಳಗೆ ಮಿಕ್ಸಿ ತಿರುಗುತ್ತಿದ್ದರೆ ನಾಲ್ಕೇ ಹೆಜ್ಜೆ ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೇ ಕಾನೂನು ಬೇಲಿ ಮತ್ತು ಅಲಾರಂ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಮಾತಾಡುತ್ತದೆ.

ಮೊದಲು, ಕಾನೂನು ಏನು ಕೇಳುತ್ತದೆ

ಕ್ಯಾಲಿಫೋರ್ನಿಯಾದಲ್ಲಿ ಈಜುಕೊಳ ಸುರಕ್ಷತೆಗೆ ಅಂತಲೇ ಒಂದು ರಾಜ್ಯ ಕಾನೂನಿದೆ. ಅದು 1998ರಿಂದ ಜಾರಿಯಲ್ಲಿದೆ. ಮೊದಲು ಒಂದು ಸುರಕ್ಷಾ ವ್ಯವಸ್ಥೆ ಇದ್ದರೆ ಸಾಕಿತ್ತು. ಎಸ್‌ಬಿ 442 ಎಂಬ ತಿದ್ದುಪಡಿ ಬಂದು, 2018ರ ಜನವರಿ 1ರಿಂದ ಕಾನೂನಿನ ಪಟ್ಟಿಯಲ್ಲಿರುವ (ಕೆಳಗೆ ಕೊಟ್ಟಿದ್ದೇನೆ) ಏಳು ವ್ಯವಸ್ಥೆಗಳಲ್ಲಿ ಕನಿಷ್ಠ ಎರಡು ಇರಲೇಬೇಕು ಅಂತಾಯಿತು. ಒಂದು ಕುಟುಂಬ ವಾಸಿಸುವ ಪ್ರತ್ಯೇಕ ಮನೆಗಳಿಗೆ ಇದು ಅನ್ವಯ. ಅಪಾರ್ಟ್‌ಮೆಂಟ್ ಪೂಲ್‌ಗಳಿಗೆ ನಿಯಮ ಬೇರೆ.

ಪೂಲ್ ಅಂದರೆ ಯಾವುದು? ಈಜುವುದಕ್ಕೋ ನೀರಾಟಕ್ಕೋ ಮಾಡಿದ, 18 ಇಂಚಿಗಿಂತ ಹೆಚ್ಚು ಆಳ ನೀರು ನಿಲ್ಲುವ ರಚನೆ. ನೆಲದೊಳಗೆ ತೋಡಿದ್ದು, ನೆಲದ ಮೇಲೆ ನಿಲ್ಲಿಸಿದ್ದು, ಸ್ಪಾ, ಹಾಟ್ ಟಬ್ ಎಲ್ಲವೂ ಸೇರುತ್ತವೆ. ಹಾಟ್ ಟಬ್‌ಗೆ ಎಎಸ್‌ಟಿಎಂ (ಸಾಮಾನುಗಳ ಗುಣಮಟ್ಟಕ್ಕೆ ಮಾನದಂಡ ಬರೆಯುವ ಸಂಸ್ಥೆ) ಎಫ್1346 ಮಾನದಂಡದ, ಬೀಗ ಹಾಕುವ ಸುರಕ್ಷಾ ಮುಚ್ಚಳ ಇದ್ದರೆ ಮಾತ್ರ ವಿನಾಯಿತಿ.

ಈ ನಿಯಮ ಚಾಲ್ತಿಗೆ ಬರುವುದು ಕಟ್ಟಡ ಕೆಲಸಕ್ಕೆ ಪರ್ಮಿಟ್ (ಸ್ಥಳೀಯ ಆಡಳಿತದ ಅನುಮತಿ) ತೆಗೆದುಕೊಂಡಾಗ. ಹೊಸ ಪೂಲ್ ಕಟ್ಟಿಸಿದರೂ ಸರಿ, ಹಳೆಯದನ್ನು ಪರ್ಮಿಟ್ ತೆಗೆದು ರಿಮಾಡೆಲ್ ಮಾಡಿಸಿದರೂ ಸರಿ. ಹಾಗಾದರೆ 1970ರ ದಶಕದಲ್ಲಿ ಕಟ್ಟಿದ, ಯಾರೂ ಮುಟ್ಟದ ಪೂಲ್ ಇರುವ ಮನೆ ಕೊಂಡರೆ? ರಾಜ್ಯದ ಈ ಕಾನೂನು ಆ ದಿನವೇ ಬಂದು ಬೇಲಿ ಹಾಕಿ ಅನ್ನುವುದಿಲ್ಲ. ನನಗೆ ತುಂಬಾ ಚಿಂತೆ ಆಗುವುದು ಇಂಥ ಮನೆಗಳದ್ದೇ. ಪರ್ಮಿಟ್ ಬರಲಿ ಬಿಡಲಿ, ಮಗು ಮನೆಯಲ್ಲಿದ್ದರೆ ಸಾಮಾನು ಇಳಿಸುವ ಮೊದಲೇ ಬೇಲಿ ನಿಂತಿರಲಿ.

ಮನೆ ಕೊಳ್ಳುವಾಗ ನಿಮ್ಮ ಕೈಯಲ್ಲಿ ಒಂದು ಒಳ್ಳೇ ದಾಖಲೆ ಬರುತ್ತದೆ. ಹೋಮ್ ಇನ್‌ಸ್ಪೆಕ್ಟರ್ ಆ ಏಳರಲ್ಲಿ ಯಾವ ಯಾವ ವ್ಯವಸ್ಥೆ ಇದೆ ಅಂತ ವರದಿಯಲ್ಲಿ ಬರೆಯಬೇಕು. ಎರಡಕ್ಕಿಂತ ಕಡಿಮೆ ಇದ್ದರೆ ಅದನ್ನೂ ಬರೆಯಬೇಕು. ವರದಿ ಬಂದ ಕೂಡಲೇ ಆ ಪುಟ ಹುಡುಕಿ ಓದಿ. ಬೆಲೆ ಮಾತಾಡುವಾಗ ಬೇಲಿಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಏಳು ಆಯ್ಕೆಗಳು

1. ಪೂಲನ್ನು ಮನೆಯಿಂದಲೇ ಬೇರ್ಪಡಿಸುವ ಶಾಶ್ವತ ಬೇಲಿ ಅಥವಾ ಗೋಡೆ.
2. ತೆಗೆದು ಹಾಕಬಹುದಾದ ಮೆಶ್ ಬೇಲಿ. ಎಎಸ್‌ಟಿಎಂ ಎಫ್2286 ಮಾನದಂಡದ್ದು, ತಾನೇ ಮುಚ್ಚಿ ತಾನೇ ಚಿಲಕ ಬೀಳುವ, ಬೀಗ ಹಾಕಲು ಅನುಕೂಲ ಇರುವ ಗೇಟಿನ ಜೊತೆ.
3. ಎಎಸ್‌ಟಿಎಂ ಎಫ್1346 ಮಾನದಂಡದ ಸುರಕ್ಷಾ ಕವರ್. ಕೈಯಿಂದ ಎಳೆಯುವುದಾಗಲಿ, ಮೋಟಾರಿನದಾಗಲಿ.
4. ಮನೆಯಿಂದ ನೇರವಾಗಿ ಪೂಲ್ ಕಡೆ ತೆರೆಯುವ ಬಾಗಿಲುಗಳಿಗೆ ಅಲಾರಂ.
5. ಅದೇ ಬಾಗಿಲುಗಳಿಗೆ, ತಾನೇ ಮುಚ್ಚಿ ಚಿಲಕ ಬೀಳುವ ಸಾಧನ. ಅದನ್ನು ಬಿಡಿಸುವ ಹಿಡಿ ನೆಲದಿಂದ 54 ಇಂಚಿಗಿಂತ ಕೆಳಗೆ ಇರಬಾರದು.
6. ಯಾರಾದರೂ ನೀರಿಗೆ ಬಿದ್ದರೆ ಕೂಗುವ, ಎಎಸ್‌ಟಿಎಂ ಎಫ್2208 ಮಾನದಂಡದ ಪೂಲ್ ಅಲಾರಂ.
7. ಇವುಗಳಷ್ಟೇ ಅಥವಾ ಇನ್ನೂ ಹೆಚ್ಚು ರಕ್ಷಣೆ ಕೊಡುತ್ತದೆ ಅಂತ ಮಾನ್ಯತೆ ಪಡೆದ ಪರೀಕ್ಷಾ ಪ್ರಯೋಗಾಲಯ ದೃಢಪಡಿಸಿದ ಬೇರೆ ಸಾಧನ.

ಲೆಕ್ಕಕ್ಕೆ ಯಾವ ಎರಡಾದರೂ ಆಗುತ್ತದೆ. ಹಾಗಂತ ಬಾಗಿಲ ಅಲಾರಂ ಒಂದು, ಪೂಲ್ ಅಲಾರಂ ಒಂದು ತಂದು ಕೈ ತೊಳೆದುಕೊಳ್ಳಬೇಡಿ. ಅಗ್ಗ ಅಂತ ಬಹಳ ಜನ ಹೋಗುವುದು ಆ ದಾರಿಗೇ. ಅಲಾರಂ ಮಗುವನ್ನು ತಡೆಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಅದನ್ನು ಕೇಳುವವರು ಇರಬೇಕು, ಕೇಳಿದವರು ಓಡಬೇಕು. ಬೇಲಿ ಹಾಗಲ್ಲ, ಯಾರೂ ನೋಡದಿದ್ದರೂ ತಡೆಯುತ್ತದೆ. ಆದ್ದರಿಂದ ಎರಡರಲ್ಲಿ ಒಂದಾದರೂ ಮೈ ಅಡ್ಡ ಹಾಕಿ ನಿಲ್ಲುವಂಥದ್ದಿರಲಿ. ನನ್ನನ್ನು ಕೇಳಿದರೆ ನಾಲ್ಕೂ ಕಡೆ ಬೇಲಿ, ಅದರ ಜೊತೆಗೆ ಬಾಗಿಲ ಅಲಾರಂ. ಅಮೆರಿಕದ ಮಕ್ಕಳ ವೈದ್ಯರ ಸಂಘ ಎಎಪಿ ಕೂಡ ನಾಲ್ಕು ಕಡೆಯ ಬೇಲಿಗೇ ಒತ್ತು ಕೊಡುತ್ತದೆ.

ಹಂತ 1: ಟೇಪು ಹಿಡಿದು ಮನೆ ಸುತ್ತಿ ಬನ್ನಿ

ಪೂಲ್ ಕಡೆ ಹೋಗುವ ಬಾಗಿಲು ಎಷ್ಟಿವೆ ಅಂತ ಎಣಿಸಿ. ಅಡುಗೆಮನೆ ಪಕ್ಕದ ಗಾಜಿನ ಸ್ಲೈಡಿಂಗ್ ಬಾಗಿಲು ಎಲ್ಲರಿಗೂ ನೆನಪಿರುತ್ತದೆ. ಮಾಸ್ಟರ್ ಬೆಡ್‌ರೂಮಿನಿಂದ ಹಿತ್ತಲಿಗೆ ಇರುವ ಬಾಗಿಲು, ಗ್ಯಾರೇಜಿನ ಪಕ್ಕದ ಬಾಗಿಲು ಮರೆತುಹೋಗುತ್ತವೆ. ಹಳೇ ಮಾಲೀಕರು ನಾಯಿಗೆ ಅಂತ ಬಾಗಿಲ ಕೆಳಗೆ ಕಿಂಡಿ ಮಾಡಿಸಿದ್ದರೆ ಅದನ್ನು ಮುಚ್ಚಿಸಿ. ಅಂಬೆಗಾಲಿಡುವ ಮಗುವಿಗೆ ಅದು ಸರಿಯಾದ ಅಳತೆಯ ದಾರಿ.

ಆಮೇಲೆ ಸುತ್ತಲಿನ ಕಾಂಪೌಂಡ್ ಬೇಲಿ ನೋಡಿ. ಇಲ್ಲೇ ದೊಡ್ಡ ಗೊಂದಲ ಆಗುವುದು. ಹಿತ್ತಲ ಮೂರು ಕಡೆ ಮರದ ಬೇಲಿ ಇದೆ, ನಾಲ್ಕನೇ ಕಡೆ ಮನೆಯೇ ಇದೆ, ಆದ್ದರಿಂದ ಬೇಲಿ ಇದೆ ಅಂತ ಅಂದುಕೊಳ್ಳುತ್ತಾರೆ. ಆ ಬೇಲಿ ಪಕ್ಕದ ಮನೆಯ ಮಗುವನ್ನು ತಡೆಯುತ್ತದೆ, ನಿಮ್ಮ ಮಗುವನ್ನಲ್ಲ. ಪಟ್ಟಿಯ ಮೊದಲನೇ ಆಯ್ಕೆ ಅಂತ ಲೆಕ್ಕಕ್ಕೆ ಬರಬೇಕಾದರೆ ಬೇಲಿ ಪೂಲ್ ಮತ್ತು ಮನೆಯ ನಡುವೆ ನಿಲ್ಲಬೇಕು. ಹೊರಗಿನ ಕಾಂಪೌಂಡ್ ಬಗ್ಗೆ ಊರೂರಿಗೆ ಬೇರೆ ನಿಯಮ ಇರಬಹುದು. ರಾಜ್ಯದ ಕಾನೂನಿಗಿಂತ ನಗರದ ನಿಯಮ ಬಿಗಿಯಾಗಿದ್ದರೆ ನೀವು ಪಾಲಿಸಬೇಕಾದ್ದು ನಗರದ್ದು. ನಿಮ್ಮ ಸಿಟಿಯ ಬಿಲ್ಡಿಂಗ್ ಡಿಪಾರ್ಟ್‌ಮೆಂಟ್‌ಗೆ ಒಂದು ಫೋನ್ ಮಾಡಿ ಕೇಳಿಬಿಡಿ.

ಹಂತ 2: ಬೇಲಿ ಮತ್ತು ಗೇಟು

ಶಾಶ್ವತ ಬೇಲಿಯ ಅಳತೆಗಳನ್ನು ಕಾನೂನು ಹೀಗೆ ಹೇಳುತ್ತದೆ. ಎತ್ತರ ಕನಿಷ್ಠ 60 ಇಂಚು, ಅಂದರೆ 5 ಅಡಿ. ಕೆಳಗೆ ನೆಲಕ್ಕೂ ಬೇಲಿಗೂ ನಡುವೆ 2 ಇಂಚಿಗಿಂತ ಹೆಚ್ಚು ಸಂದು ಇರಕೂಡದು. 4 ಇಂಚು ಅಡ್ಡಳತೆಯ ಚೆಂಡು ಯಾವ ಸಂದಿನಲ್ಲೂ ತೂರಬಾರದು. ಹೊರಮೈಯಲ್ಲಿ ಐದು ವರ್ಷದೊಳಗಿನ ಮಗು ಕೈ ಹಿಡಿದು, ಕಾಲಿಟ್ಟು ಹತ್ತುವಂಥ ಉಬ್ಬು ತಗ್ಗು ಇರಬಾರದು.

ಕಂಬಿಗಳ ನಡುವಿನ ಸಂದು ಅಳೆಯುವಾಗ ಸುಮ್ನೆ ಟೇಪು ಇಟ್ಟು ನೋಡಬೇಡಿ. ಎರಡು ಕಂಬಿಯನ್ನು ಕೈಯಿಂದ ಅಗಲಿಸಿ ನೋಡಿ, ಸಪೂರ ಕಂಬಿಗಳು ಬಾಗುತ್ತವೆ. ಬೇಲಿಯ ಬುಡದಲ್ಲಿ ಮಣ್ಣು ಇದ್ದರೆ ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿರಿ. ಮಣ್ಣು ಕೊಚ್ಚಿಹೋಗಿ 2 ಇಂಚು 4 ಇಂಚಾಗಿರುತ್ತದೆ.

ಅಡ್ಡಪಟ್ಟಿಗಳಿರುವ ಬೇಲಿ ನೋಡಲು ಚೆಂದ, ಪೂಲಿಗೆ ಬೇಡ. ಮಗುವಿಗೆ ಅದು ಏಣಿ. ಇನ್ನೂ ಒಂದು ವಿಷಯ ನಮ್ಮವರ ಹಿತ್ತಲಿಗೆ ಸಂಬಂಧಿಸಿದ್ದು. ಕರಿಬೇವಿನ ಕುಂಡ, ಮಲ್ಲಿಗೆ ಕುಂಡ, ತುಳಸಿ ಕಟ್ಟೆ ಎಲ್ಲವನ್ನೂ ಬೇಲಿಗೆ ಒತ್ತಿ ಸಾಲಾಗಿ ಇಡುತ್ತೇವೆ, ಅಲ್ವಾ? ಒಂದೂವರೆ ಅಡಿ ಎತ್ತರದ ಕುಂಡದ ಮೇಲೆ ಮಗು ನಿಂತರೆ 5 ಅಡಿಯ ಬೇಲಿ ಮೂರೂವರೆ ಅಡಿಯಾಯಿತು. ಕುಂಡ, ಕುರ್ಚಿ, ಮಕ್ಕಳ ಸೈಕಲ್, ಬಾರ್ಬೆಕ್ಯೂ ಎಲ್ಲವನ್ನೂ ಬೇಲಿಯಿಂದ ಮೂರ್ನಾಲ್ಕು ಅಡಿ ದೂರ ಸರಿಸಿ. ತುಳಸಿಯಂತೂ ಬೇಲಿಯ ಹೊರಗೆ, ಮನೆ ಕಡೆಯೇ ಇರಲಿ. ಊರಿಂದ ಬಂದ ಅಮ್ಮ ಬೆಳಿಗ್ಗೆ ನೀರು ಹಾಕಲು ದಿನಾ ಪೂಲ್ ಗೇಟು ತೆಗೆಯುವ ಅಗತ್ಯ ಬೀಳಬಾರದು.

ಬೇಲಿಯಲ್ಲಿ ಕೈಕೊಡುವುದು ಹೆಚ್ಚಾಗಿ ಗೇಟೇ. ಗೇಟು ಪೂಲಿನಿಂದ ಆಚೆಗೆ ತೆರೆಯಬೇಕು. ಚಿಲಕ ಸರಿಯಾಗಿ ಬೀಳದೆ ಹೋದಾಗ ಮಗು ಹೊರಗಿನಿಂದ ತಳ್ಳಿದರೆ ಆ ಗೇಟು ಇನ್ನೂ ಮುಚ್ಚಿಕೊಳ್ಳುತ್ತದೆ. ಒಳಕ್ಕೆ ತೆರೆಯುವ ಗೇಟಾದರೆ ಮಗು ನೇರ ನೀರ ಬಳಿಗೇ ಹೋಗುತ್ತದೆ. ತಾನೇ ಮುಚ್ಚಬೇಕು, ತಾನೇ ಚಿಲಕ ಬೀಳಬೇಕು, ಚಿಲಕ ನೆಲದಿಂದ 60 ಇಂಚಿಗಿಂತ ಕೆಳಗೆ ಇರಬಾರದು.

ಗೇಟನ್ನು ಪರೀಕ್ಷಿಸುವುದು ಹೀಗೆ. ಪೂರ್ತಿ ತೆಗೆದು ಬಿಡಿ. ದಡ್ ಅಂತ ಮುಚ್ಚಿ ಚಿಲಕ ಬಿದ್ದರೆ ಒಳ್ಳೆಯದು, ಆದರೆ ಅಷ್ಟು ಸಾಲದು. ಆಮೇಲೆ ಅರ್ಧ ತೆಗೆದು ಬಿಡಿ. ಕೊನೆಗೆ ಒಂದು ಗೇಣಷ್ಟೇ ತೆಗೆದು ಮೆಲ್ಲಗೆ ಕೈ ಬಿಡಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಇಲ್ಲಿ ಗೊತ್ತಾಗುತ್ತದೆ. ಗೇಟು ಮೆಲ್ಲಗೆ ಬಂದು ಚಿಲಕಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಚಿಲಕ ಬೀಳುವುದಿಲ್ಲ. ದೂರದಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ. ಕೀಲಿನ ಸ್ಪ್ರಿಂಗ್ ಬಿಗಿ ಮಾಡಿ, ಚಿಲಕ ಬೀಳುವ ತನಕ ಬಿಡಬೇಡಿ.

ಕಲ್ಲೋ ಕುಂಡವೋ ಅಡ್ಡ ಇಟ್ಟು ಗೇಟು ತೆರೆದಿಡುವ ಅಭ್ಯಾಸ ಮನೆಯಲ್ಲಿ ಯಾರಿಗೂ ಬೇಡ.

ಮೆಶ್ ಬೇಲಿ ಹಾಕಿಸುವುದಾದರೆ ಪೂಲ್ ಸುತ್ತಲಿನ ಡೆಕ್‌ನಲ್ಲಿ ತೂತು ಕೊರೆದು ಕಂಬ ಇಳಿಸುತ್ತಾರೆ. ಶಾಶ್ವತ ಬೇಲಿಗಿಂತ ಖರ್ಚು ಕಡಿಮೆ, ಪೂಲೂ ಮರೆಯಾಗುವುದಿಲ್ಲ. ಹಳೇ ಮನೆಗಳಿಗೆ ನಾನು ಇದನ್ನೇ ಹೇಳುತ್ತೇನೆ. ಒಂದೇ ಷರತ್ತು: ತೆಗೆಯಬಹುದು ಅಂತ ತೆಗೆಯುತ್ತಾ ಇರಬೇಡಿ. ಪಾರ್ಟಿಗೆ ಜಾಗ ಬೇಕು, ಫೋಟೊ ಚೆನ್ನಾಗಿ ಬರಬೇಕು ಅಂತ ಸುತ್ತಿ ಇಟ್ಟ ದಿನವೇ ಮನೆ ತುಂಬಾ ಮಕ್ಕಳಿರುತ್ತಾರೆ.

ಹಂತ 3: ಬಾಗಿಲ ಅಲಾರಂ

ಬಾಗಿಲ ಚೌಕಟ್ಟಿಗೆ ಒಂದು ಸೆನ್ಸರ್, ಬಾಗಿಲಿಗೆ ಒಂದು ಅಯಸ್ಕಾಂತ. ಎರಡೂ ದೂರವಾದರೆ ಕೂಗು. ಕೆಲಸ ಇಷ್ಟೇ. ಬೀಪ್ ಆಗಬಹುದು, ಇಲ್ಲವೇ ಪೂಲ್ ಕಡೆಯ ಬಾಗಿಲು ತೆರೆದಿದೆ ಅಂತ ಮಾತಲ್ಲೇ ಮತ್ತೆ ಮತ್ತೆ ಹೇಳಬಹುದು. ಕ್ಯಾಲಿಫೋರ್ನಿಯಾ ಎರಡನ್ನೂ ಒಪ್ಪುತ್ತದೆ.

ಎಂಥದ್ದು ಕೊಳ್ಳಬೇಕು ಅನ್ನುವುದಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಸಿಪಿಎಸ್‌ಸಿ ಕೊಟ್ಟಿರುವ ಮಾರ್ಗಸೂಚಿ ಒಳ್ಳೇ ಅಳತೆಗೋಲು. ಬಾಗಿಲು ತೆಗೆದ 7 ಸೆಕೆಂಡಿನೊಳಗೆ ಕೂಗಬೇಕು. ಕನಿಷ್ಠ 30 ಸೆಕೆಂಡು ಕೂಗಬೇಕು. 10 ಅಡಿ ದೂರದಲ್ಲಿ 85 ಡೆಸಿಬಲ್ ಇರಬೇಕು. ಸ್ಮೋಕ್ ಅಲಾರಂ, ಫೋನ್, ಡೋರ್‌ಬೆಲ್ ಸದ್ದಿಗಿಂತ ಬೇರೆ ಥರ ಇರಬೇಕು. ತಾನೇ ರೀಸೆಟ್ ಆಗಬೇಕು. ದೊಡ್ಡವರು ಹೋಗಿ ಬರಲು ಒಂದು ಬೈಪಾಸ್ ಬಟನ್ ಇರಬಹುದು, ಅದು 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಅಲಾರಂ ತಡೆಯಬಾರದು. ಆ ಬಟನ್ ನೆಲದಿಂದ 54 ಇಂಚು ಮೇಲಿರಬೇಕು.

ಸಂಜೆ ತಂಪು ಗಾಳಿ ಬರಲಿ ಅಂತ ಗಾಜಿನ ಬಾಗಿಲು ಸರಿಸಿ, ಸೊಳ್ಳೆ ಪರದೆಯ ಬಾಗಿಲಷ್ಟೇ ಹಾಕಿಡುತ್ತೇವೆ. ಸೆನ್ಸರ್ ಗಾಜಿನ ಬಾಗಿಲಿಗೆ ಮಾತ್ರ ಇದ್ದರೆ ಏನಾಗುತ್ತದೆ? ಒಂದು ಸಲ ಕೂಗಿ ಸುಮ್ಮನಾಗುತ್ತದೆ, ಅಥವಾ ಕಿರಿಕಿರಿ ಅಂತ ಯಾರೋ ಆಫ್ ಮಾಡಿರುತ್ತಾರೆ. ಪರದೆ ಬಾಗಿಲನ್ನು ಎರಡು ವರ್ಷದ ಮಗು ಒಂದೇ ಕೈಯಲ್ಲಿ ಸರಿಸುತ್ತದೆ. ಗಾಜಿನ ಬಾಗಿಲು ತೆರೆದಿದ್ದರೂ ಪರದೆ ಸರಿದಾಗ ಕೂಗುವ, ಎರಡು ಸೆನ್ಸರ್ ಇರುವ ಅಲಾರಂ ಕೇಳಿ ತೆಗೆದುಕೊಳ್ಳಿ.

ಹಾಕಿಸಿದ ಮೇಲೆ ಮಿಕ್ಸಿಗೆ ಚಟ್ನಿ ಹಾಕಿ ತಿರುಗಿಸಿ, ಒಲೆ ಮೇಲಿನ ಹೊಗೆ ಹೀರುವ ಫ್ಯಾನೂ ಓಡಲಿ, ಯಾರಾದರೂ ಬಾಗಿಲು ತೆಗೆಯಲಿ. ಒಲೆ ಮುಂದೆ ನಿಂತವರಿಗೆ ಕೇಳಬೇಕು. ಮಹಡಿಯ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಅಲ್ಲಿಂದಲೂ ಕೇಳಿ ನೋಡಿ. ಕೇಳದಿದ್ದರೆ ಇನ್ನೊಂದು ಸೈರನ್ ಮಹಡಿಯಲ್ಲಿ ಹಾಕಿಸಿ. ಫೋನಿಗೆ ಮೆಸೇಜ್ ಬರುವ ಸ್ಮಾರ್ಟ್ ಸೆನ್ಸರ್ ಜೊತೆಗಿರಲಿ, ಅದೊಂದನ್ನೇ ನಂಬಬೇಡಿ. ಫೋನ್ ಮೀಟಿಂಗಿನಲ್ಲಿ ಸೈಲೆಂಟ್ ಆಗಿರುತ್ತದೆ.

ಹಂತ 4: ನೀರಲ್ಲಿಡುವ ಅಲಾರಂ ಮತ್ತು ಕವರ್

ಪೂಲ್ ಅಲಾರಂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ನೀರ ಮೇಲೆ ತೇಲುತ್ತಾ ಅಲೆಯನ್ನು ಗುರುತಿಸುತ್ತದೆ. ಇನ್ನೊಂದು ಅಂಚಿಗೆ ಕೂತು ನೀರೊಳಗಿನ ಒತ್ತಡದ ಬದಲಾವಣೆ ಗುರುತಿಸುತ್ತದೆ. ಸಿಪಿಎಸ್‌ಸಿ 2000ನೇ ಇಸವಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ನೀರೊಳಗಿನ ಬಗೆಯೇ ಹೆಚ್ಚು ಭರವಸೆ ಹುಟ್ಟಿಸಿತು. ಗಾಳಿಗೆ ಸುಳ್ಳು ಕೂಗು ಹಾಕುವುದೂ ಕಡಿಮೆ. ಸುಳ್ಳು ಕೂಗು ಜಾಸ್ತಿಯಾದರೆ ಮನೆಯವರು ಬೇಸತ್ತು ಬ್ಯಾಟರಿ ತೆಗೆಯುತ್ತಾರೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಮಗುವಿನ ಕೈಗೆ ಕಟ್ಟುವ, ನೀರು ತಾಗಿದರೆ ಕೂಗುವ ಪಟ್ಟಿಗಳನ್ನು ಕ್ಯಾಲಿಫೋರ್ನಿಯಾ ಪೂಲ್ ಅಲಾರಂ ಅಂತ ಒಪ್ಪುವುದಿಲ್ಲ. ಕಟ್ಟಿದ ಮಗುವಿಗಷ್ಟೇ ಅದು. ಪಕ್ಕದ ಮನೆಯ ಮಗುವಿಗೆ ಯಾರು ಕಟ್ಟುತ್ತಾರೆ?

ಈಜುವಾಗ ಈ ಅಲಾರಂ ಆಫ್ ಮಾಡಿರುತ್ತೀರಿ. ಎಲ್ಲರೂ ಮೇಲೆ ಬಂದ ಮೇಲೆ ಮತ್ತೆ ಆನ್ ಮಾಡುವವರು ಯಾರು ಅಂತ ಮೊದಲೇ ಒಬ್ಬರ ಹೆಸರು ಹೇಳಿಡಿ.

ಕವರ್ ವಿಷಯದಲ್ಲಿ ಒಂದೇ ಮಾತು ಗಟ್ಟಿಯಾಗಿ ಹೇಳಬೇಕು. ನೀರು ಬೆಚ್ಚಗಿರಲಿ ಅಂತ ಹಾಸುವ ಗುಳ್ಳೆ ಗುಳ್ಳೆಯ ಸೋಲಾರ್ ಹಾಳೆ ಸುರಕ್ಷಾ ಕವರ್ ಅಲ್ಲ. ಮಗು ಅದರ ಮೇಲೆ ಕಾಲಿಟ್ಟರೆ ಹಾಳೆ ಕುಸಿದು ಮಗುವನ್ನು ಸುತ್ತಿಕೊಳ್ಳುತ್ತದೆ, ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಬರಿ ನೀರಿಗಿಂತ ಅದು ಹೆಚ್ಚು ಅಪಾಯ. ಎಫ್1346 ಕವರ್ ಇಬ್ಬರು ದೊಡ್ಡವರು, ಒಂದು ಮಗುವಿನ ಭಾರ ತಡೆಯುವಂತೆ ಮಾಡಿರುತ್ತಾರೆ. ಮೇಲೆ ಆ ಮಾನದಂಡದ ಲೇಬಲ್ ಇದೆಯೇ ನೋಡಿ. ಮಳೆ ನೀರು ಕವರ್ ಮೇಲೆ ನಿಂತರೆ ಪಂಪಿನಿಂದ ತೆಗೆಯಿರಿ, ಪುಟ್ಟ ಮಗುವಿಗೆ ನಾಲ್ಕಿಂಚು ನೀರೂ ಸಾಕು.

ಪೂಲಿನ ತಳದಲ್ಲಿ ಪಂಪು ನೀರು ಎಳೆದುಕೊಳ್ಳುವ ಡ್ರೇನ್ ಬಗ್ಗೆಯೂ ಕಾಂಟ್ರಾಕ್ಟರನ್ನು ಕೇಳಿ. 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಹಾಟ್ ಟಬ್‌ನ ಡ್ರೇನ್ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ಅವಳ ಹೆಸರಿನಲ್ಲೇ 2007ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಂದಿತು. ಅದರ ಪ್ರಕಾರ ಮಾರುವ ಡ್ರೇನ್ ಕವರ್‌ಗಳೆಲ್ಲ ಸೆಳೆತ ತಡೆಯುವ ಮಾನದಂಡದ್ದೇ ಆಗಿರಬೇಕು. ಡ್ರೇನ್ ಕವರ್ ಬಿರುಕು ಬಿಟ್ಟಿದ್ದರೆ, ಕಳಚಿದ್ದರೆ ಸರಿಯಾಗುವ ತನಕ ಯಾರನ್ನೂ ನೀರಿಗೆ ಇಳಿಸಬೇಡಿ.

ಹಂತ 5: ಪರ್ಮಿಟ್ ಮತ್ತು ತಪಾಸಣೆ

ಪೂಲ್ ಕಟ್ಟುವವರ ಹತ್ತಿರ ಸಿ-53 ಲೈಸೆನ್ಸ್ ಇರಬೇಕು. ರಾಜ್ಯದ ಕಾಂಟ್ರಾಕ್ಟರ್ ಲೈಸೆನ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಚಾಲ್ತಿಯಲ್ಲಿದೆಯೇ ಗೊತ್ತಾಗುತ್ತದೆ. ಮುಂಗಡ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ 10, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸುರಕ್ಷತಾ ಕಾನೂನು ಏನು ಕೇಳುತ್ತದೆ ಅಂತ ನಿಮಗೆ ತಿಳಿಸುವುದೂ ಕಾಂಟ್ರಾಕ್ಟರ್ ಕರ್ತವ್ಯವೇ.

ಅರ್ಜಿಯ ನಕ್ಷೆಯಲ್ಲೇ ಏಳರಲ್ಲಿ ಯಾವ ಎರಡು ಅಂತ ಗುರುತಿಸಿ. ಬೇಲಿಯ ಗೆರೆ, ಗೇಟು, ಅಲಾರಂ ಬರುವ ಬಾಗಿಲುಗಳನ್ನು ತೋರಿಸಿ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ ಬೇಲಿಯ ಬಣ್ಣ, ನಮೂನೆಗೆ ಅವರ ಒಪ್ಪಿಗೆ ಬೇರೆ ಬೇಕಾಗಬಹುದು, ಅದನ್ನು ಮೊದಲೇ ಮುಗಿಸಿ. ಕೊನೆಯ ಒಪ್ಪಿಗೆ ಕೊಡುವ ಮೊದಲು ಸಿಟಿಯ ಇನ್‌ಸ್ಪೆಕ್ಟರ್ ಬಂದು ಇವನ್ನೆಲ್ಲ ನೋಡಲೇಬೇಕು. ಅಲಾರಂ ಡಬ್ಬಿ, ಕವರ್ ಲೇಬಲ್, ಮೆಶ್ ಬೇಲಿಯ ಕಾಗದ ಯಾವುದನ್ನೂ ಬಿಸಾಡಬೇಡಿ, ಮಾನದಂಡದ ನಂಬರ್ ಕೇಳಿದಾಗ ತೋರಿಸಲು ಬೇಕು. ನೀರು ತುಂಬಿಸುವ ಮೊದಲೇ ಬೇಲಿ ನಿಂತಿರಬೇಕು ಅಂತ ಕಾಂಟ್ರಾಕ್ಟರ್ ಜೊತೆ ಬರೆದು ಒಪ್ಪಂದ ಮಾಡಿಕೊಳ್ಳಿ.

ಬಾಡಿಗೆ ಮನೆಯಾದರೆ ಮಾಲೀಕರಿಗೆ ಇಮೇಲ್‌ನಲ್ಲೇ ಕೇಳಿ, ಬಾಯಿಮಾತು ಬೇಡ. ಅವರು ತಡ ಮಾಡಿದರೆ ಬಾಗಿಲ ಅಲಾರಂ ನೀವೇ ಹಾಕಿಕೊಳ್ಳಬಹುದು, ಅದಕ್ಕೆ ಗೋಡೆ ಒಡೆಯಬೇಕಿಲ್ಲ.

ದಿನದಿನದ ಬಳಕೆಯಲ್ಲಿ

ತಿಂಗಳಿಗೊಮ್ಮೆ ಗೇಟಿನ ಮೂರೂ ಪರೀಕ್ಷೆ ಮಾಡಿ, ಪ್ರತಿ ಬಾಗಿಲ ಅಲಾರಂ ಕೂಗಿಸಿ, ಬ್ಯಾಟರಿ ನೋಡಿ. ಈಜು ಮುಗಿದ ಮೇಲೆ ಆಟಿಕೆಗಳನ್ನು ನೀರಿಂದ ತೆಗೆದಿಡಿ, ತೇಲುವ ಬಾತುಕೋಳಿ ಮಗುವನ್ನು ಕರೆಯುತ್ತದೆ. ನೆಲದ ಮೇಲಿನ ಪೂಲಾದರೆ ಏಣಿ ತೆಗೆದು ಬೀಗದೊಳಗಿಡಿ.

ಯುಗಾದಿಗೋ ಗಣೇಶನಿಗೋ ಜನ ಸೇರಿದಾಗ ಎಲ್ಲರೂ ನೋಡುತ್ತಿದ್ದಾರೆ ಅಂತ ಯಾರೂ ನೋಡಿರುವುದಿಲ್ಲ. ಒಬ್ಬರು ಕಾಲು ಗಂಟೆ ಕಾವಲು, ಆಮೇಲೆ ಇನ್ನೊಬ್ಬರು. ಆ ಕಾಲು ಗಂಟೆ ಕೈಯಲ್ಲಿ ಫೋನ್ ಇಲ್ಲ, ತಟ್ಟೆ ಇಲ್ಲ. ಈಜು ಬಾರದ ಪುಟ್ಟ ಮಕ್ಕಳು ನೀರಲ್ಲಿದ್ದರೆ ಕೈಗೆ ಎಟಕುವಷ್ಟು ಹತ್ತಿರ ಒಬ್ಬ ದೊಡ್ಡವರು ನೀರಲ್ಲೇ ಇರಬೇಕು.

ಮಗು ಕಾಣದಿದ್ದರೆ ಮಂಚದ ಕೆಳಗೆ, ಕಪಾಟಿನಲ್ಲಿ ಹುಡುಕುವುದು ಆಮೇಲೆ. ಮೊದಲು ಪೂಲಿಗೆ ಓಡಿ. ನೀರಿಂದ ಎತ್ತಿದ ಮಗು ಉಸಿರಾಡದಿದ್ದರೆ ಒಬ್ಬರು 911ಗೆ ಫೋನ್, ಇನ್ನೊಬ್ಬರು ಕೂಡಲೇ ಸಿಪಿಆರ್. ಮುಳುಗಿದವರಿಗೆ ಎದೆ ಒತ್ತುವುದರ ಜೊತೆ ಬಾಯಿಂದ ಉಸಿರು ಕೊಡುವುದೂ ಬೇಕೇ ಬೇಕು, ಅವರಿಗೆ ತಪ್ಪಿರುವುದು ಗಾಳಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಅರ್ಧ ದಿನದ ತರಗತಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಮಗು ನೋಡಿಕೊಳ್ಳುವ ಅಜ್ಜಿ ತಾತ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಊರಿಂದ ಬಂದವರಿಗೆ ಮನೆ ನಂಬರ್, ರಸ್ತೆ ಹೆಸರು ಬಾಯಿಗೆ ಬರುವುದಿಲ್ಲ. ಗಾಬರಿಯಲ್ಲಿ ನಮಗೂ ಅಷ್ಟೇ. ಪೂಲ್ ಗೇಟಿನ ಪಕ್ಕ ಮತ್ತು ಹಿತ್ತಲ ಬಾಗಿಲ ಒಳಗೆ, ನೀರು ತಾಗದ ಹಾಗೆ, 911 ಅಂತ ದಪ್ಪಕ್ಕೆ ಬರೆದು ಕೆಳಗೆ ವಿಳಾಸವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಂಟಿಸಿ. ಇಂಗ್ಲಿಷ್ ಬಾರದ ಅಜ್ಜಿ "ಪೂಲ್, ಬೇಬಿ" ಅಂತ ಹೇಳಿ ಆ ವಿಳಾಸ ಓದಿದರೂ ಆಂಬ್ಯುಲೆನ್ಸ್ ಹೊರಡುತ್ತದೆ. ಅಜ್ಜಿಯಿಂದ ಒಂದು ಸಲ ಜೋರಾಗಿ ಓದಿಸಿ ನೋಡಿ.